ಬಕೆಟ್ಟಿನಲ್ಲಿ ಇಲ್ಲದ ಕಿತ್ತಳೆ

ಕೆಮಿ, ೨೧ ಅಕ್ಟೋಬರ್ ೧೯೯೬

ಟಾರ್ಮೊ,

ನಮ್ಮ ಬಕೆಟ್ಟಿಗಾಗಿ ಅಜ್ಜಿಯನ್ನು ಮನೆ ಬಿಡಿಸುತ್ತಿದ್ದಾರೆ. ಐವತ್ತು ವರ್ಷದಿಂದ ಅರುಣೋದಯ ಮದ್ಯವರ್ಜನ ಸಂಘದ ಸದಸ್ಯೆ ಅವಳು. ತಾತ ಸತ್ತ ಮೇಲೆ ಅದೇ ಸಂಘದ ಭವನದ ಮೇಲಿನ ಕೋಣೆಯಲ್ಲಿದ್ದುಕೊಂಡು ಅವರ ನೆಲ ಒರೆಸಿದವಳು, ಒಲೆ ಹಚ್ಚಿದವಳು, ಪ್ರತಿ ಭಾನುವಾರ ಅವರಿಗೆ ಕಾಫಿ ಕಾಸಿಕೊಟ್ಟವಳು. ಹೊಸ ವರ್ಷದೊಳಗೆ ಕೋಣೆ ಖಾಲಿ ಮಾಡಬೇಕಂತೆ. ಹೇಳಿದವನು ಅಧ್ಯಕ್ಷ ಟೂಟ್ಟಿಲಾ. ಹೇಳುವಾಗ ಅವನ ಮೈಮೇಲೆ ಇದ್ದದ್ದು ಒಂದು ಟವೆಲ್ ಮಾತ್ರ.

ಶನಿವಾರ ಎಂದಿನಂತೆ ಹಬೆಸ್ನಾನಕ್ಕೆಂದು ಭವನದ ಸೌನಾಕ್ಕೆ ಅವನೇ ಮೊದಲು ಬಂದ. ಬಟ್ಟೆ ಬಿಚ್ಚುವ ಕೋಣೆಯಲ್ಲಿ ಕೂತಿದ್ದಾಗ ಸೌದೆ ರಾಶಿಯ ಹಿಂದಿನಿಂದ 'ಗುಳುಕ್' ಎಂದಿದೆ. ಸ್ವಲ್ಪ ಹೊತ್ತಿಗೆ ಮತ್ತೆ 'ಗುಳುಕ್'. ಆಯುಷ್ಯವೆಲ್ಲ ಸುಂಕದ ಇಲಾಖೆಯಲ್ಲಿ ಹಡಗು ತಡಕಿದವನು, ಬಿಡುತ್ತಾನೆಯೇ? ನಾನು ಅಂಗಳದಿಂದ ಓಡಿ ಬರುವಷ್ಟರಲ್ಲಿ ಬಕೆಟ್ಟು ನಡುಕೋಣೆಯಲ್ಲಿತ್ತು. ಅಜ್ಜಿ ಒಂದು ಕಡೆ, ಅವನು ಇನ್ನೊಂದು ಕಡೆ.

"ಏನಿದು ಲೆಂಪಿ?"

"ಸಿಮಾ."

"ಅಕ್ಟೋಬರಲ್ಲಿ ಸಿಮಾನಾ? ಮೇ ಹಬ್ಬದ ನಿಂಬೆ ಪಾನಕ ಈಗ್ಲೇ ಶುರು ಮಾಡಿದ್ಯೇನಮ್ಮ?"

ಅಜ್ಜಿ ನೆಲ ನೋಡಿದಳು. ನಾನು ನಡುವೆ ನುಗ್ಗಿದೆ. "ಅದು ನಂದು. ಅಜ್ಜಿಗೆ ಏನೂ ಗೊತ್ತಿಲ್ಲ. ಅಪರಾಧ ಏನೂ ಅಲ್ಲ, ಕಾನೂನು ಒಪ್ಪೋ ಹಣ್ಣಿನ ವೈನು. ಒಳಗೆ ಕಿತ್ತಳೆ ಇದೆ, ನೋಡ್ಕೊಳ್ಳಿ" ಎಂದೆ.

ಅವನು ಸೌನಾದ ಸೌಟು ತೆಗೆದುಕೊಂಡು ಕಲಕಿದ. ತಳದವರೆಗೂ ಕಲಕಿದ. ಆಮೇಲೆ ನನ್ನ ಮುಖ ನೋಡಿ, "ಕಿತ್ತಳೆ ಎಲ್ಲಿ ಮಗಳೇ? ಈಜಿ ಆಚೆ ದಡ ಸೇರ್ತಾ?" ಎಂದ.

ಇರಲಿಲ್ಲ, ಅಣ್ಣಾ. ಒಂದು ಎಸಳೂ ಇರಲಿಲ್ಲ.

ಸಕ್ಕರೆ, ನೀರು, ಈಸ್ಟು ಸೇರಿಸಿ ಹುಳಿ ಬರಿಸಿದರೆ ಅದು ಕಿಲ್ಯು, ಅಪರಾಧ. ಅದೇ ಬಕೆಟ್ಟಿಗೆ ಒಂದು ಕಿತ್ತಳೆ ಬಿಟ್ಟರೆ ಅದು ವೈನು, ಯಾರೂ ಮುಟ್ಟುವಂತಿಲ್ಲ. ಈ ದೇಶದಲ್ಲಿ ಬಕೆಟ್ಟು ಇಡುವ ಪ್ರತಿಯೊಬ್ಬನಿಗೂ ಇದು ಗೊತ್ತು. ಟೂಟ್ಟಿಲಾಗೂ ಗೊತ್ತು. "ಹಣ್ಣಿದ್ದಿದ್ರೆ, ಯಾರೋ ತಲೆಹರಟೆ ಹುಡುಗಿ ತಪ್ಪು ಜಾಗದಲ್ಲಿ ವೈನಿಟ್ಟಿದ್ಲು ಅಂತ ಬೈದು ಬಿಡ್ತಿದ್ದೆ. ಇದು ಹಾಗಲ್ಲ. ನಮ್ಮ ಸಂಘದ ಛಾವಣಿ ಕೆಳಗೆ ಅಪರಾಧ ನಡೆದಿದೆ. ಭವನ ನೋಡ್ಕೊಳ್ಳೋಳೇ ಇದಕ್ಕೆ ಜವಾಬ್ದಾರಿ" ಎಂದ. ಡಿಸೆಂಬರ್ ಮೊದಲ ವಾರ ಸಮಿತಿ ಕೂತು ತೀರ್ಮಾನವನ್ನು ಖಾಯಂ ಮಾಡುತ್ತದೆ.

ಆ ಬಕೆಟ್ಟನ್ನು ಇಟ್ಟವನು ನೀನು. ಸೆಪ್ಟೆಂಬರ್‌ನಲ್ಲಿ ಎರಡು ದಿನದ ರಜೆ ಸಿಕ್ಕಿ ಜೈಲಿನಿಂದ ಬಂದಾಗ ಇಟ್ಟೆ. ನಾನು ಸಭೆಗೆಂದು ಓಲು ಪಟ್ಟಣಕ್ಕೆ ಹೋಗಿದ್ದೆ. ಹೋಗುವಾಗ ಕಿತ್ತಳೆ ಮೇಜಿನ ಮೇಲಿಟ್ಟು ಹೋಗಿದ್ದೆ.

ಹಾಕಿದೆಯೋ ಇಲ್ಲವೋ? ಒಂದೇ ಮಾತಲ್ಲಿ ಬರೆ.

ರೈಸಾ


೨೮ ಅಕ್ಟೋಬರ್

ರೈಸಾ,

ಹಾಕಲಿಲ್ಲ.

ಕಿತ್ತಳೆ ಎಂಬುದು ಅಧಿಕಾರಕ್ಕೆ ಹೊಡೆಯುವ ಸಲಾಮು. ಅದನ್ನು ಹೊಡೆಯಲು ಮನಸ್ಸು ಬರಲಿಲ್ಲ, ದಾರಿಯಲ್ಲಿ ಸುಲಿದು ತಿಂದೆ.

ನನ್ನ ಹೆಸರನ್ನೇ ಹೇಳು. ಆಗಲೇ ಒಳಗಿರುವವನು ನಾನು, ಇನ್ನೊಂದು ತಪ್ಪು ಹೊರಿಸಿದರೆ ಬೆನ್ನೇನೂ ಮುರಿಯುವುದಿಲ್ಲ. ಅಜ್ಜಿಗೆ ಏನೂ ತಿಳಿದಿರಲಿಲ್ಲ ಎಂಬುದನ್ನು ಮಾತ್ರ ಗಟ್ಟಿಯಾಗಿ ಹೇಳು. ಅವಳನ್ನು ಏನೂ ಕೇಳಲು ಹೋಗಬೇಡ. ಈ ವಯಸ್ಸಿನಲ್ಲಿ ಅವಳಿಗೆ ವಿಚಾರಣೆ ಬೇಡ.

ಇಲ್ಲಿ ಆಲೂಗಡ್ಡೆ ಹೆರೆಯುವ ಕೆಲಸ ಕೊಟ್ಟಿದ್ದಾರೆ. ಹಿಮ ಇನ್ನೂ ಬಿದ್ದಿಲ್ಲ.

ಟಾರ್ಮೊ


ಕೆಮಿ, ೧ ನವೆಂಬರ್

ಟಾರ್ಮೊ,

ಅದು ನನ್ನ ವಾಕ್ಯ!

'ಕಿತ್ತಳೆ ಎಂಬುದು ಅಧಿಕಾರಕ್ಕೆ ಹೊಡೆಯುವ ಸಲಾಮು.' ವಸಂತದಲ್ಲಿ ನಾನು ಬರೆದ ಕರಪತ್ರದ ಎರಡನೇ ಪುಟ. ಗ್ರಂಥಾಲಯದ ಯಂತ್ರದಲ್ಲಿ ಪ್ರತಿ ತೆಗೆದು, ಊರೆಲ್ಲ ಹಂಚಿ, ರೈಲು ನಿಲ್ದಾಣದ ಗೋಡೆಗೂ ಅಂಟಿಸಿದ್ದೆ. ನನ್ನ ವಾಕ್ಯ ಕದ್ದು ನನಗೇ ಉತ್ತರವೆಂದು ಕಳಿಸುತ್ತೀಯ.

ಬರೆದದ್ದು ನಿಜ. ಈಗಲೂ ಅದನ್ನೇ ನಂಬುತ್ತೇನೆ. ಊರೂರಿಗೆ ತನ್ನದೇ ಅಂಗಡಿಯಿಟ್ಟು ಬಾಟಲಿ ಮಾರಿ ಬೊಕ್ಕಸ ತುಂಬಿಕೊಳ್ಳುವ ಸರ್ಕಾರ, ಕೆಲಸ ಕಳೆದುಕೊಂಡ ಕಾಗದ ಕಾರ್ಖಾನೆಯವನು ತನ್ನ ಸೌನಾದಲ್ಲಿ ಸಕ್ಕರೆ ನೀರು ಕಲಸಿದರೆ ಕಳ್ಳ ಎನ್ನುತ್ತದೆ. ನಾವು ಮಾಡಿದ್ದರಲ್ಲಿ ಒಂದು ಬಾಟಲಿಯನ್ನೂ ಮಾರಲಿಲ್ಲ, ಹಂಚಿದೆವು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಆದರೆ ಬರೆದ ಕೈಯಲ್ಲೇ ನಾನು ಪ್ರತಿ ಸಲವೂ ಕಿತ್ತಳೆ ಹಾಕಿದ್ದೇನೆ. ಹಲ್ಲು ಕಚ್ಚಿಕೊಂಡು ಹಾಕಿದ್ದೇನೆ. ಯಾಕೆಂದರೆ ನನ್ನ ಕೋಣೆಯ ಚಳಿಯಲ್ಲಿ ಈಸ್ಟು ಏಳುವುದಿಲ್ಲ, ಬಕೆಟ್ಟು ಇಟ್ಟದ್ದು ಅಜ್ಜಿ ನೋಡಿಕೊಳ್ಳುವ ಸೌನಾದಲ್ಲಿ. ನನ್ನ ತತ್ವಕ್ಕೆ ಅವಳ ಮಂಚ ಅಡವಿಡುವ ಹಕ್ಕು ನನಗಿರಲಿಲ್ಲ. ನಿನಗೆ ಎಲ್ಲಿಂದ ಬಂತು?

ಕಡ್ಡಾಯ ಸೈನ್ಯಸೇವೆಯ ಬಂದೂಕೂ ಬೇಡ, ಅದರ ಬದಲು ಸರ್ಕಾರ ಹೇಳುವ ಚಾಕರಿಯೂ ಬೇಡ ಎಂದು ನೀನು ಜೈಲಿಗೆ ಹೋದಾಗ ನಾನು ಕುಣಿದಾಡಿದೆ. ನನ್ನಣ್ಣ ಎಂದು ಬೀದಿಬೀದಿಯಲ್ಲಿ ಹೇಳಿಕೊಂಡೆ. ಈಗ ನೋಡಿದರೆ ನಿನ್ನದು ಸುಲಭದ ಧೈರ್ಯ. ನೀನು ಒಳಗೆ ಬೆಚ್ಚಗೆ ಆಲೂಗಡ್ಡೆ ಹೆರೆಯುತ್ತೀಯ, ಬೀದಿಗೆ ಬೀಳುವವಳು ಅಜ್ಜಿ.

ನಿನ್ನ ಹೆಸರು ಹೇಳು ಎಂದೆಯಲ್ಲ, ಹೇಳಿದೆ. ನಿನ್ನೆ ಟೂಟ್ಟಿಲಾನ ಮನೆ ಬಾಗಿಲು ಬಡಿದು ಹೇಳಿದೆ. ಅವನು, "ಯಾರು, ದೇಶ ಕಾಯಲ್ಲ ಅಂದನಲ್ಲ ಅವನಾ? ಹಾಗಾದ್ರೆ ಸರಿಹೋಯ್ತು ಬಿಡು" ಎಂದ. ಸಮಿತಿ ಬಯಸಿದರೆ ಪೊಲೀಸರಿಗೂ ಬರೆಯುತ್ತಾನಂತೆ. ನಿನ್ನ ಪರವಾಗಿ ಒಂದು ಮಾತಾಡಬೇಕು ಎನ್ನಿಸಿತು. ಆಡಲಿಲ್ಲ.

ಅಜ್ಜಿ ಊಟ ಸರಿಯಾಗಿ ಮಾಡುತ್ತಿಲ್ಲ. ಹೋದ ಭಾನುವಾರ ಹಳೆಯ ಗೆಳತಿಯನ್ನು ನೋಡಿಬರುತ್ತೇನೆಂದು ಬೆಳಿಗ್ಗೆಯೇ ಬಸ್ಸು ಹತ್ತಿದವಳು ಸಂಜೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. ಯಾವ ಗೆಳತಿ ಎಂದರೆ ಹೇಳಲಿಲ್ಲ. ಅವಳ ಈ ಸ್ಥಿತಿಗೆ ಕಾರಣ ನಿನ್ನ ಬಾಯಿಚಪಲ.

ರೈಸಾ


೧೨ ನವೆಂಬರ್

ರೈಸಾ,

ಹೆಸರು ಹೇಳಿದ್ದು ಒಳ್ಳೆಯದಾಯಿತು. ಇನ್ನು ಸಮಿತಿಯಲ್ಲೂ ಅದನ್ನೇ ಹೇಳು, ಬೇರೆ ಏನನ್ನೂ ಸೇರಿಸಬೇಡ.

ನನ್ನ ಕೋಣೆಯವನು ಹಣ್ಣಿನ ರಸಕ್ಕೆ ಬ್ರೆಡ್ಡಿನ ಚೂರು ಹಾಕಿ ಮಂಚದ ಕೆಳಗೆ ಬಾಟಲಿ ಇಟ್ಟಿದ್ದ. ಬಿರಡೆಯನ್ನು ಬಿಗಿಯಾಗಿ ತಿರುಗಿಸಿಬಿಟ್ಟಿದ್ದ. ಪಾದ್ರಿ ಬಂದು ಪ್ರಾರ್ಥನೆ ಶುರು ಮಾಡಿದಾಗಲೇ ಅದು ಸಿಡಿಯಿತು. ಪಾದ್ರಿ ಟೋಪಿ ಒರೆಸಿಕೊಂಡು, "ಮುಂದುವರಿಸೋಣವೇ?" ಎಂದ. ಅಜ್ಜಿಗೆ ಇದನ್ನು ಓದಿ ಹೇಳು, ನಗುತ್ತಾಳೆ.

ಅವಳನ್ನು ಗದರಬೇಡ. ಕಿತ್ತಳೆಯ ಮಾತನ್ನು ಅವಳ ಮುಂದೆ ಎತ್ತಬೇಡ. ಹೊಸ ಬಕೆಟ್ಟು ಇಡುವ ಯೋಚನೆ ಏನಾದರೂ ಇದ್ದರೆ ಈಗ ಬೇಡ.

ಡಿಸೆಂಬರ್ ಹದಿಮೂರಕ್ಕೆ ಬಿಡುತ್ತಾರೆ.

ಟಾರ್ಮೊ


ಕೆಮಿ, ೨೪ ನವೆಂಬರ್

ಟಾರ್ಮೊ,

ಸುಳ್ಳುಗಾರ.

ನೀನು ಬೇಡ ಎಂದದ್ದಕ್ಕೇ ಹೊಸ ಬಕೆಟ್ಟು ಇಟ್ಟೆ. ಅದೇ ಸೌನಾದಲ್ಲಿ, ಸೌದೆಯ ಹಿಂದೆ ಅಲ್ಲ, ಕಿಟಕಿಯ ಎದುರಿಗೆ, ಟೂಟ್ಟಿಲಾಗೆ ಕಾಣುವಂತೆ. ಈ ಸಲ ಕಾನೂನಿನ ಪ್ರತಿ ಅಕ್ಷರ ಪಾಲಿಸಿಯೇ ಅವನ ಹೊಟ್ಟೆ ಉರಿಸಬೇಕೆಂದಿದ್ದೆ. ನೀರು ಕಾಸಿ ಸಕ್ಕರೆ ಕರಗಿಸಿದೆ. ಮೊಣಕೈ ಅದ್ದಿದರೆ ಹಿತವೆನ್ನಿಸುವವರೆಗೆ ಆರಿಸಿದೆ. ಈಸ್ಟಿಗೆ ಬರೀ ಸಕ್ಕರೆ ಸಾಲದು, ಹೊಟ್ಟೆ ತುಂಬದೆ ಕೊಳೆತ ಮೊಟ್ಟೆಯ ವಾಸನೆ ಬಿಡುತ್ತದೆ. ಅದಕ್ಕೇ ಟೊಮೇಟೊ ಪೇಸ್ಟು ಒಂದು ಚಮಚ ಹಾಕಿದೆ. ನಮ್ಮದು ಊರಿನ ಉಳಿದವರದ್ದರಂತೆ ಬಗ್ಗಡವಾಗಿ ನಾರುವುದಿಲ್ಲ ಎಂದು ನನಗೆ ಹೆಮ್ಮೆ. ಚಳಿಯಲ್ಲಿಟ್ಟು ಕೆಸರೆಲ್ಲ ತಳಕ್ಕಿಳಿದ ಮೇಲೆ, ತಿಳಿಯನ್ನು ಕೊಳವೆಯಲ್ಲಿ ಇಳಿಸಿ, ಬಾಟಲಿಗೆ ಚಿಟಿಕೆ ಸಕ್ಕರೆ, ಒಂದಿಷ್ಟು ಲಿಂಗನ್ ಹಣ್ಣಿನ ರಸ ಹಾಕಿ ಮುಚ್ಚಿಟ್ಟರೆ ಬುಸ್ಸೆನ್ನುವ ಗುಳ್ಳೆ, ಕೆನ್ನೆಗೆಂಪಿನ ಬಣ್ಣ. ಅಂಗಡಿಯ ಸೋಡಾ ಪಕ್ಕದಲ್ಲಿಟ್ಟರೆ ಸೋಡಾ ನಾಚಬೇಕು.

ಕಿತ್ತಳೆ ಕೈಗೆತ್ತಿಕೊಂಡಾಗ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು.

"ಸಿಪ್ಪೆ ಸಮೇತ ಹಾಕ್ತೀಯೇನೇ?"

"ಕಾನೂನು ಹಣ್ಣು ಅಂದಿದೆ. ಸುಲಿದ ಹಣ್ಣು ಅಂತ ಎಲ್ಲೂ ಹೇಳಿಲ್ಲ."

"ಹಾಕು ಹಾಗಾದ್ರೆ. ಬೇಸಿಗೇದೂ ಅದಕ್ಕೇ ಕಹಿಯಾಗಿತ್ತು. ಕೊನೇ ಗುಟುಕಲ್ಲಿ ನಾಲಿಗೆ ಹಿಡ್ಕೊಳ್ತಿತ್ತು."

ನಾನು ತಿರುಗಿ ನೋಡಿದೆ. "ಯಾರ ನಾಲಿಗೆ?"

"ಇನ್ಯಾರದ್ದು, ಟೂಟ್ಟಿಲಾನದ್ದಾ?"

ಅವಳು ಬೆಂಚಿನ ಮೇಲೆ ಕೂತು ಬೂಟು ಬಿಚ್ಚತೊಡಗಿದಳು, ಏನೂ ಆಗಿಲ್ಲವೆಂಬಂತೆ. ನಾನೇ ಕೇಳಬೇಕಾಯಿತು. "ಹೋದ ಸಲದ ಕಿತ್ತಳೆ?"

"ನಾನೇ ತೆಗೆದೆ. ಬೂಷ್ಟು ಹಿಡೀತಿತ್ತು. ಇದೂ ಕಹಿಯಾದ್ರೆ ಚಳಿಗಾಲ ಪೂರ್ತಿ ಏನ್ಮಾಡೋದು ಅಂತ ತೆಗೆದು ಒಲೆಗೆ ಎಸೆದೆ."

"ಅಜ್ಜಿ! ಅದನ್ನ ಹಾಕಿದ್ದು ರುಚಿಗಲ್ಲ, ಕಾನೂನಿಗೆ!"

"ಕಾನೂನೇನು ಕುಡಿಯುತ್ತಾ? ಕುಡಿಯೋಳು ನಾನು."

ಜೂನ್‌ನಿಂದ, ಟಾರ್ಮೊ. ಪ್ರತಿ ಶನಿವಾರ ಸೌನಾ ಮುಗಿದ ಮೇಲೆ ನೆಲಮಾಳಿಗೆಗೆ ಇಳಿದು ನಮ್ಮ ಬಾಟಲಿಗಳಲ್ಲಿ ಒಂದನ್ನು ತೆಗೆದು ಮೆಟ್ಟಿಲ ಮೇಲೆ ಕೂತು ಕುಡಿಯುತ್ತಿದ್ದಳಂತೆ. ಮಾರನೆಯ ದಿನ ಎದೆಗೆ ಸಂಘದ ಬಿಲ್ಲೆ ಚುಚ್ಚಿಕೊಂಡು ಮೊದಲ ಸಾಲಿನಲ್ಲಿ. ನಾನು ಟೂಟ್ಟಿಲಾನ ಎದುರು 'ಅಜ್ಜಿಗೆ ಏನೂ ಗೊತ್ತಿಲ್ಲ' ಎಂದು ಎದೆ ತಟ್ಟಿಕೊಂಡು ಹೇಳುವಾಗ ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದಳು.

ಹಳೆಯ ಗೆಳತಿ ಯಾರೆಂದೂ ಈಗ ಗೊತ್ತಾಯಿತು. ಆ ಭಾನುವಾರ ಅವಳು ನಿನ್ನ ಹತ್ತಿರ ಬಂದಿದ್ದಳು. ನೀನು ಕಿತ್ತಳೆ ಹಾಕಿದ್ದೆ. ಹಾಕಿಯೂ ಹಾಕಲಿಲ್ಲ ಎಂದು ಬರೆದೆ. ನನ್ನ ವಾಕ್ಯವನ್ನು ಆ ಸುಳ್ಳಿಗೆ ಮುಸುಕಾಗಿ ಹೊದಿಸಿದೆ. ನಾನು ನಿನ್ನನ್ನು ಹೀನಾಯವಾಗಿ ಬೈದೆ, ನೀನು ಪಾದ್ರಿಯ ಟೋಪಿಯ ಕತೆ ಬರೆದೆ. ನಿಮ್ಮಿಬ್ಬರ ಪಾಲಿಗೆ ನಾನಿನ್ನೂ ತೊಟ್ಟಿಲ ಮಗು.

ಡಿಸೆಂಬರ್ ಏಳಕ್ಕೆ ಸಮಿತಿ ಕೂರುತ್ತದೆ. ಎದ್ದು ನಿಂತು ಎಲ್ಲವನ್ನೂ ಹೇಳುತ್ತೇನೆ. ಬಕೆಟ್ಟಿನಲ್ಲಿ ಕಿತ್ತಳೆ ಇತ್ತು, ಅಪರಾಧ ನಡೆದಿಲ್ಲ, ನನ್ನಣ್ಣ ತಪ್ಪು ಮಾಡಿಲ್ಲ, ತೆಗೆದವಳು ಇವಳು, ತೆಗೆದದ್ದು ಇದಕ್ಕೆ. ಸುಳ್ಳಿನ ಮೇಲೆ ಉಳಿಯುವ ಮನೆ ಮನೆಯಲ್ಲ. ಅದನ್ನೂ ನಾನು ಬರೆದಿದ್ದೇನೆ, ಬೇಕಾದರೆ ಕದ್ದುಕೋ.

ರೈಸಾ


೨೯ ನವೆಂಬರ್

ರೈಸಾ,

ಹೇಳಿದರೆ ನನ್ನ ಮುಖ ನೋಡಬೇಡ.

ಇಷ್ಟು ದಿನ ತಾಳಿಕೊಂಡೆ. ಸುಲಭದ ಧೈರ್ಯ ಎಂದೆ, ಬೆಚ್ಚಗೆ ಎಂದೆ, ನುಂಗಿಕೊಂಡೆ. ಈಗ ನನ್ನದನ್ನು ಕೇಳು.

ಅವಳು ಆ ಭಾನುವಾರ ಬಸ್ಸಿನ ಮೇಲೆ ಬಸ್ಸು ಬದಲಿಸಿ ಬಂದಳು. ಭೇಟಿಯ ಕೋಣೆಯಲ್ಲಿ ಕೋಟು ಬಿಚ್ಚಲಿಲ್ಲ. ಕೂತವಳೇ, "ನಾನು ಕುಡಿದೆ ಕಣೋ" ಎಂದಳು. ಕೊಲೆ ಮಾಡಿದವರು ಒಪ್ಪಿಕೊಳ್ಳುವ ಹಾಗೆ. ಯಾಕೆ ಎಂದು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ನಾನೂ ಕೆದಕಲಿಲ್ಲ. ನಿನಗೆ ಹೇಳೋಣ ಎಂದೆ. ಗಾಬರಿಯಾಗಿ ನನ್ನ ತೋಳು ಹಿಡಿದುಕೊಂಡಳು. "ಅವಳಿಗೆ ಮಾತ್ರ ಬೇಡಪ್ಪ. ಅವಳು ಅದನ್ನ ಅಚ್ಚು ಹಾಕಿಸಿ ನಿಲ್ದಾಣದ ಗೋಡೆಗೆ ಅಂಟಿಸ್ಬಿಡ್ತಾಳೆ."

ಅವಳು ನಗಲಿಲ್ಲ, ರೈಸಾ. ನಿಜವಾಗಿಯೇ ಹೆದರಿದ್ದಳು. ಟೂಟ್ಟಿಲಾಗಲ್ಲ, ನಿನಗೆ.

ನೀನು ಜನರನ್ನು ಪ್ರೀತಿಸುತ್ತೀಯ, ಒಪ್ಪಿದೆ. ನಿನ್ನ ಕರಪತ್ರದ ತುಂಬ ಜನ. ಆದರೆ ಒಬ್ಬಳು ನಿನ್ನ ಎದುರು ಬೂಟು ಬಿಚ್ಚಿ ಕೂತು ಯಾರಿಗೂ ಹೇಳದ್ದನ್ನು ಹೇಳಿದರೆ, ನಿನಗೆ ಕೇಳಿಸುವುದು ನಿನಗಾದ ಅವಮಾನ ಮಾತ್ರ. ಅಷ್ಟು ಉದ್ದದ ಪತ್ರ ಬರೆದೆಯಲ್ಲ, ಯಾಕೆ ಕುಡಿದೆ ಅಜ್ಜಿ ಎಂದು ಒಮ್ಮೆಯಾದರೂ ಕೇಳಿದೆಯಾ?

ಆ ಸತ್ಯ ಅವಳದು. ನಿನ್ನದಲ್ಲ, ನನ್ನದೂ ಅಲ್ಲ. ಸಮಿತಿಗೆ ನನ್ನ ಹೆಸರು ಸಾಕು. ಪೊಲೀಸರಿಗೆ ಬರೆಯಲಿ. ನಾನು ಇನ್ನೊಂದಿಷ್ಟು ಆಲೂಗಡ್ಡೆ ಹೆರೆದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಟಾರ್ಮೊ


ಕೆಮಿ, ೯ ಡಿಸೆಂಬರ್

ಟಾರ್ಮೊ,

ನಾನು ಹೇಳಲಿಲ್ಲ. ನಿನಗೆ ಹೆದರಿ ಅಲ್ಲ, ಅದನ್ನು ಮೊದಲೇ ತಿಳಿದುಕೋ. ಹೇಳಬೇಕಾದ್ದನ್ನೆಲ್ಲ ಬರೆದುಕೊಂಡು ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದೆ. ಕೈ ಒಳಗೇ ಇತ್ತು, ಹೊರಗೆ ಬರಲಿಲ್ಲ. ನಿನ್ನ ಪತ್ರದ ಒಂದು ಮಾತು ಅಡ್ಡ ನಿಂತಿತ್ತು. ಯಾವ ಮಾತು ಎಂದು ಹೇಳಿ ನಿನ್ನನ್ನು ಉಬ್ಬಿಸುವುದಿಲ್ಲ.

ಟೂಟ್ಟಿಲಾ ಕೋಟು ತೊಟ್ಟು ಬಂದಿದ್ದ. ನಿನ್ನ ಹೆಸರು ಓದಿದ, ಜೈಲು ಎಂಬಲ್ಲಿ ಧ್ವನಿ ಎತ್ತರಿಸಿ ಓದಿದ. ಮೊಮ್ಮಗನ ತಪ್ಪು, ಲೆಂಪಿಗೆ ತಿಳಿದಿರಲಿಲ್ಲ, ಆದ್ದರಿಂದ ದಯೆ ತೋರಿಸಿ ಅವಳನ್ನು ಇರಗೊಡಬಹುದು, ಹುಡುಗನ ಬಗ್ಗೆ ಪೊಲೀಸರಿಗೆ ಬರೆಯೋಣ ಎಂದ. ನೀನು ಹೆಣೆದದ್ದೆಲ್ಲ ನೀನು ಹೆಣೆದ ಹಾಗೆಯೇ ಆಗುತ್ತಿತ್ತು. ಎಲ್ಲರೂ ತಲೆಯಾಡಿಸಿದರು.

ಆಗ ಅಜ್ಜಿ ಎದ್ದು ನಿಂತಳು.

"ಹುಡುಗ ಹಣ್ಣು ಹಾಕಿದ್ದ. ತೆಗೆದೋಳು ನಾನು" ಎಂದಳು.

"ಕೂತ್ಕೊ ಲೆಂಪಿ, ನಿನಗೆ ಆಯಾಸವಾಗಿದೆ."

"ಐವತ್ತು ವರ್ಷ ಕೂತ್ಕೊಂಡೇ ಕೇಳಿದೀನಿ. ನನ್ನ ಗಂಡ ಯುದ್ಧದಿಂದ ಬಂದ, ಕುಡಿಯೋಕೆ ಕೂತ, ಸಾಯೋವರೆಗೂ ಏಳ್ಲಿಲ್ಲ. ಅವನ ಕುಡಿತಕ್ಕೆ ಬೇಸತ್ತು ನಾನು ಇಲ್ಲಿಗೆ ಬಂದು, ಕುಡಿಯಲ್ಲ ಅಂತ ಪ್ರತಿಜ್ಞೆಗೆ ಸಹಿ ಹಾಕ್ದೆ. ನನ್ನನ್ನ, ಮಕ್ಕಳನ್ನ ಬಿಟ್ಟು ಅವನು ಅದ್ರಲ್ಲಿ ಏನು ಕಂಡ ಅಂತ ಒಂದು ಸಲ ನೋಡ್ಬೇಕು ಅನ್ನಿಸ್ತು. ಅದಕ್ಕೆ ಕುಡಿದೆ. ಒಂದು ಸಲ ಅಲ್ಲ, ಬೇಸಿಗೆ ಪೂರ್ತಿ."

ಕೊನೆಯ ಕುರ್ಚಿಯಿಂದ ಮುದುಕಿ ಸೈಮಿ ಮೆಲ್ಲಗೆ ಕೇಳಿದಳು, "ಹೇಗಿತ್ತು ಲೆಂಪಿ?"

"ಚೆನ್ನಾಗಿತ್ತು" ಎಂದಳು ಅಜ್ಜಿ. "ಅದೇ ಬೇಜಾರು. ಅಷ್ಟೇ ಇತ್ತು. ತಣ್ಣಗೆ, ಗುಳ್ಳೆಗುಳ್ಳೆ, ಚೆನ್ನಾಗಿತ್ತು. ಅಷ್ಟಕ್ಕೆ ಅವನು ನಮ್ಮನ್ನ ಬಿಟ್ಟ."

ನಾನು ಅತ್ತೆ. ಸಿಟ್ಟಿನಿಂದ. ನಂಬಿದರೆ ನಂಬು.

ನಿನ್ನ ಮೇಲಿನ ಮಾತು ಅಲ್ಲಿಗೆ ಬಿತ್ತು, ಪೊಲೀಸರಿಗೆ ಯಾರೂ ಬರೆಯುವುದಿಲ್ಲ. ಆದರೆ ಅಜ್ಜಿ ಪ್ರತಿಜ್ಞೆ ಮುರಿದವಳಾದಳು. ಮುರಿದವಳು ಸದಸ್ಯೆಯಲ್ಲ, ಸದಸ್ಯೆಯಲ್ಲದವಳಿಗೆ ಕೋಣೆಯಿಲ್ಲ. ಕ್ಷಮಿಸಿ ಉಳಿಸಿಕೊಳ್ಳುವ ಅಧಿಕಾರ ಸಮಿತಿಗಿಲ್ಲ, ಸದಸ್ಯರೆಲ್ಲ ಸೇರಿ ಕೈ ಎತ್ತಿ ತೀರ್ಮಾನಿಸಬೇಕು. ಸದಸ್ಯರೆಂದರೆ ಈಗ ಉಳಿದಿರುವುದು ಒಂದು ಬೆಂಚಿನಷ್ಟು ಮುದುಕರು. ಅರ್ಧ ಜನ ಟೂಟ್ಟಿಲಾನ ಕಡೆ. ಸೈಮಿ ಮತ್ತು ಅವಳ ಗೆಳತಿಯರು ನಮ್ಮ ಕಡೆ. ಒಂದೆರಡು ಕೈ ಕಡಿಮೆ ಬೀಳುತ್ತದೆ.

ನಾನು ನಿಯಮ ಕೇಳಿದೆ. ಸಭೆ ಶುರುವಾಗುವ ಮೊದಲು ಪ್ರತಿಜ್ಞೆಗೆ ಸಹಿ ಹಾಕಿದ ಯಾರೇ ಆದರೂ ಕೈ ಎತ್ತಬಹುದು.

ಟೂಟ್ಟಿಲಾ ಕನ್ನಡಕ ತೆಗೆದು ನನ್ನನ್ನು ನೋಡಿದ. "ಸಹಿ ಹಾಕಿದ್ರೆ ಜೀವ ಇರೋವರೆಗೂ ಪಾಲಿಸ್ಬೇಕಮ್ಮ. ಇವತ್ತು ಅಂಟಿಸಿ ನಾಳೆ ಮಳೇಲಿ ನೆನೆಯೋಕೆ ಬಿಡೋ ಕರಪತ್ರ ಅಲ್ಲ ಇದು."

ಅವನ ಕೆನ್ನೆಗೆ ಬಾರಿಸಬೇಕು ಎನ್ನಿಸಿತು, ಯಾಕೆಂದರೆ ಅವನು ಹೇಳಿದ್ದು ಸರಿ. ಸುಳ್ಳು ಸಹಿ ಹಾಕಿ ಕೈ ಎತ್ತಿ ಬರುವುದು ಸುಲಭ. ನನ್ನಿಂದ ಆಗುವುದಿಲ್ಲ. ಹಾಕಿದರೆ ಪಾಲಿಸಬೇಕು. ಇನ್ನು ಬಕೆಟ್ಟಿಲ್ಲ, ಬಾಟಲಿಯಿಲ್ಲ, ಗೆಳೆಯರ ನಡುವೆ ಕೂತರೆ ನನ್ನ ಕೈಯಲ್ಲಿ ಹಾಲು. ಎಲ್ಲರೂ ನಗುತ್ತಾರೆ, ನಗಲಿ. ಸಕ್ಕರೆ ನೀರು ಕಲಸುವುದು ಅಪರಾಧವಲ್ಲ ಎಂದು ಮಾತ್ರ ಬರೆಯುತ್ತಲೇ ಇರುತ್ತೇನೆ, ಅದಕ್ಕೆ ಕುಡಿಯಲೇಬೇಕೆಂದೇನೂ ಇಲ್ಲವಲ್ಲ. ಹೊಸ ಬಕೆಟ್ಟನ್ನು ನಿನ್ನೆ ಹಿಮದ ಮೇಲೆ ಸುರಿದೆ. ಅಜ್ಜಿ ಕಿಟಕಿ ತೆರೆದು, "ಅಯ್ಯೋ, ಒಂದು ಬಾಟ್ಲಿಯಾದ್ರೂ ಇಡಬಾರ್ದಿತ್ತೇನೇ?" ಎಂದಳು. ಇವಳಿಗಾಗಿ ನಾನು ಹೋರಾಡುತ್ತಿದ್ದೇನೆ!

ಇನ್ನು ನೀನು. ಸೈನ್ಯ ಇಟ್ಟ ಕಾಗದಕ್ಕೆ ಸಹಿ ಹಾಕುವುದಿಲ್ಲವೆಂದು ಅರ್ಧ ವರ್ಷ ಒಳಗೆ ಕೂತವನು ನೀನು. ಅವರು ನಿನ್ನಿಂದ ಹಾಕಿಸಲಾಗದ ಸಹಿಯನ್ನು ನಾನು ಕೇಳುತ್ತಿದ್ದೇನೆ. ನನ್ನದೊಂದೇ ಕೈ ಸಾಲದು. ಆದರೆ ನನಗಾಗಿ ಹೊಸ ಸುಳ್ಳೊಂದನ್ನು ಹೊಸೆದುಕೊಂಡು ಬರುವುದಾದರೆ ಬರಬೇಡ. ಪಾಲಿಸುವ ಮನಸ್ಸಿದ್ದರೆ ಮಾತ್ರ ಬಾ.

ನಾನು ಕ್ಷಮೆ ಕೇಳುವುದಿಲ್ಲ. ನೀನೂ ಕೇಳಬೇಡ. ಉಳಿದ ಜಗಳವನ್ನು ಎದುರಿಗೇ ಆಡೋಣ.

ಡಿಸೆಂಬರ್ ಹದಿನೈದು, ಭಾನುವಾರ. ಸದಸ್ಯರ ಸಭೆ ಎರಡು ಗಂಟೆಗೆ. ಒಂದೂವರೆಗೆ ಭವನದ ಮುಂಬಾಗಿಲಿಗೆ ಬಾ.

ರೈಸಾ